ಬೇರೆಯವರ ಯಂತ್ರದಲ್ಲಿ ಕಟ್ಟಿದ ನಂಪೈ ನಿಮ್ಮ ಯಂತ್ರದಲ್ಲಿ ಸರಿ ಲೆಕ್ಕ ಕೊಡುತ್ತದಾ?

ಪೈಥಾನ್‌ಗೆ ನಂಪೈ, ಅಂದರೆ ಸಂಖ್ಯೆಗಳ ದೊಡ್ಡ ಲೆಕ್ಕ ಮಾಡುವ ಪ್ಯಾಕೇಜ್, ಹಾಕಿಕೊಳ್ಳುವುದು ಈಗ ನೀರು ಕುಡಿದಷ್ಟು ಸುಲಭ. ಟರ್ಮಿನಲ್‌ನಲ್ಲಿ "ಪಿಪ್ ಇನ್‌ಸ್ಟಾಲ್ ನಂಪೈ" ಎಂದು ಒಂದು ಸಾಲು ಟೈಪ್ ಮಾಡಿದರೆ ಸಾಕು. ಇಂಟರ್‌ನೆಟ್ ಚೆನ್ನಾಗಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ವಿಜ್ಞಾನದ ಲೆಕ್ಕಗಳಿಗೆ ಬಳಸುವ ಸೈಪೈ, ಕೋಷ್ಟಕದ ಡೇಟಾ ನಿಭಾಯಿಸುವ ಪಾಂಡಾಸ್ ಕೂಡ ಹಾಗೇ. ಆದರೆ ನಂಪೈನ ಭಾರದ ಕೆಲಸವೆಲ್ಲ ಇರುವುದು ಸಿ ಭಾಷೆಯಲ್ಲಿ. ಸೈಪೈನಲ್ಲಿ ಸಿ, ಸಿ ಪ್ಲಸ್ ಪ್ಲಸ್ ಜೊತೆಗೆ ದಶಕಗಳಷ್ಟು ಹಳೆಯ ಫೋರ್ಟ್ರಾನ್ ಕೋಡ್ ಕೂಡ ಇದೆ. ಅದನ್ನೆಲ್ಲ ಕಂಪೈಲ್ ಮಾಡಲು, ಅಂದರೆ ಯಂತ್ರಭಾಷೆಗೆ ತಿರುಗಿಸಲು, ಒಳ್ಳೆಯ ಲ್ಯಾಪ್‌ಟಾಪ್‌ಗೂ ಸಾಕಷ್ಟು ಹೊತ್ತು ಬೇಕು. ಹಾಗಾದರೆ ಅಷ್ಟು ಬೇಗ ಬಂದಿದ್ದೇನು?

ಬಂದಿದ್ದು ಬೇರೆಲ್ಲೋ, ಬೇರೆಯವರ ಯಂತ್ರದಲ್ಲಿ ಮೊದಲೇ ಕಂಪೈಲ್ ಆಗಿ ಕಟ್ಟಿಟ್ಟ ಒಂದು ಫೈಲ್. ಪೈಥಾನ್‌ನವರು ಇದಕ್ಕೆ ವೀಲ್ ಅನ್ನುತ್ತಾರೆ. ನಿಜಕ್ಕೂ ಅದು ಒಂದು ಜಿಪ್ ಫೈಲ್ ಅಷ್ಟೇ. ಒಳಗೆ ಪೈಥಾನ್ ಫೈಲ್‌ಗಳ ಜೊತೆಗೆ ಪ್ರೊಸೆಸರ್ ನೇರವಾಗಿ ಓಡಿಸುವ ಯಂತ್ರಭಾಷೆಯ ಫೈಲ್‌ಗಳಿರುತ್ತವೆ. ಪಿಪ್ ಅದನ್ನು ಇಳಿಸಿಕೊಂಡು, ಬಿಚ್ಚಿ, ಸರಿಯಾದ ಫೋಲ್ಡರ್‌ಗೆ ಹಾಕುತ್ತದೆ.

ಈ ಅನುಕೂಲ ಬಂದು ಬಹಳ ಕಾಲವೇನೂ ಆಗಿಲ್ಲ. ವಿಂಡೋಸ್ ಬಳಸುವವರಿಗೆ ಪಿಪ್ ಮೂಲಕ ಸೈಪೈನ ಅಧಿಕೃತ ವೀಲ್ ಸಿಕ್ಕಿದ್ದು 2017ರ ಅಕ್ಟೋಬರ್‌ನಲ್ಲಿ, ಸೈಪೈ 1.0 ಬಂದಾಗ. ಪೈಥಾನ್ ಅನ್ನು ಕಟ್ಟುವ ಮೈಕ್ರೋಸಾಫ್ಟ್ ಕಂಪೈಲರ್ ಜೊತೆ ಹೊಂದಿಕೊಳ್ಳುವ ಉಚಿತ ಫೋರ್ಟ್ರಾನ್ ಕಂಪೈಲರ್ ಇಲ್ಲದಿದ್ದದ್ದೇ ದೊಡ್ಡ ಅಡ್ಡಿಯಾಗಿತ್ತು. ಅಲ್ಲಿಯವರೆಗೆ ಎಷ್ಟೋ ಜನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ರಿಸ್ಟೋಫ್ ಗೋಲ್ಕೆ ತಾವೇ ಕಟ್ಟಿ ಹಂಚುತ್ತಿದ್ದ ಪ್ಯಾಕೇಜ್‌ಗಳನ್ನು ನೆಚ್ಚಿಕೊಂಡಿದ್ದರು. ಈಗ ಸಂಶೋಧನೆ ಮಾಡುವವರಲ್ಲಿ ಬಹುತೇಕರು ಈ ತಂತ್ರಾಂಶಗಳನ್ನು ಸ್ವತಃ ಕಂಪೈಲ್ ಮಾಡುವುದೇ ಇಲ್ಲ. ಅವರ ಲೆಕ್ಕವೆಲ್ಲ ನಿಂತಿರುವುದು ಬೇರೆಯವರು ಕಟ್ಟಿದ ಫೈಲ್‌ಗಳ ಮೇಲೆ. ಹಾಗಾಗಿ ಆ ಫೈಲ್‌ಗಳನ್ನು ಯಾರು, ಎಲ್ಲಿ, ಹೇಗೆ ಪರೀಕ್ಷೆ ಮಾಡುತ್ತಾರೆ ಅನ್ನುವುದು ಸಣ್ಣ ವಿಷಯ ಅಲ್ಲ.

ಒಂದು ವೀಲ್‌ನ ಹೆಸರನ್ನೇ ಹತ್ತಿರದಿಂದ ನೋಡಿ. ನಂಪೈ, 2.0.0, ಸಿಪಿ312, ಸಿಪಿ312, ಮೆನಿಲಿನಕ್ಸ್ 2014, ಎಕ್ಸ್86-64. ಇಷ್ಟೂ ಅದರ ಹೆಸರಲ್ಲೇ ಇರುತ್ತವೆ. ಮೊದಲೆರಡು ಪ್ಯಾಕೇಜ್ ಮತ್ತು ಆವೃತ್ತಿ. ಆಮೇಲಿನದು ಯಾವ ಪೈಥಾನ್‌ಗೆ ಕಟ್ಟಿದ್ದು ಎಂದು ಹೇಳುತ್ತದೆ. ಸಿಪಿ312 ಅಂದರೆ ಸಿಪೈಥಾನ್ 3.12. ಅದರ ಮುಂದಿನದು ಪೈಥಾನ್‌ನ ಯಾವ ಬೈನರಿ ಒಪ್ಪಂದಕ್ಕೆ (ಕಂಪೈಲ್ ಆದ ಫೈಲ್‌ಗಳು ಒಂದಕ್ಕೊಂದು ಹೊಂದಿಕೊಳ್ಳುವ ನಿಯಮಕ್ಕೆ) ಹೊಂದುತ್ತದೆ ಅನ್ನುವುದು. ಕೊನೆಗೆ ಆಪರೇಟಿಂಗ್ ಸಿಸ್ಟಮ್, ಪ್ರೊಸೆಸರ್. ಪಿಪ್ ಈ ಹೆಸರನ್ನು ಓದಿ, ನಿಮ್ಮ ಯಂತ್ರಕ್ಕೆ ಹೊಂದುವ ಫೈಲ್ ಯಾವುದು ಎಂದು ತೀರ್ಮಾನಿಸುತ್ತದೆ. ಹೆಸರು ಹೇಳಿದ್ದನ್ನು ಅದು ಪೂರ್ತಿ ನಂಬುತ್ತದೆ. ಒಳಗಿರುವುದು ಆ ಹೆಸರಿಗೆ ತಕ್ಕ ಹಾಗಿದೆಯಾ ಅಂತ ನೋಡಲು ಹೋಗುವುದಿಲ್ಲ. ಅದನ್ನು ನೋಡಬೇಕಾದವರು ಕಟ್ಟಿದವರು.

ಇಲ್ಲಿ ಜನ ಮೊದಲು ಎಡವುವುದು ತೀರಾ ಸರಳ ಜಾಗದಲ್ಲಿ. ಕಟ್ಟಿದ ಯಂತ್ರದಲ್ಲೇ, ಕಟ್ಟಿದ ಫೋಲ್ಡರ್‌ನಲ್ಲೇ ನಿಂತು ಟೆಸ್ಟ್ ಓಡಿಸುತ್ತಾರೆ. ಪೈಥಾನ್ ಸಾಮಾನ್ಯವಾಗಿ ನೀವು ನಿಂತಿರುವ ಫೋಲ್ಡರ್‌ನಲ್ಲಿ ಮೊದಲು ಹುಡುಕುತ್ತದೆ. ಹಾಗಾಗಿ "ಇಂಪೋರ್ಟ್" ಅಂದಾಗ ಇನ್‌ಸ್ಟಾಲ್ ಆದ ಪ್ಯಾಕೇಜ್ ಬದಲು ಪಕ್ಕದಲ್ಲೇ ಇರುವ ಮೂಲ ಕೋಡ್ ಸಿಕ್ಕಿಬಿಡಬಹುದು. ಟೆಸ್ಟ್ ಎಲ್ಲ ಪಾಸ್ ಆಗುತ್ತವೆ. ಆದರೆ ವೀಲ್ ಒಳಗಿನ ಒಂದು ಫೈಲ್ ಕೂಡ ಓಡಿರುವುದಿಲ್ಲ. ವೀಲ್‌ಗೆ ಸೇರಬೇಕಾದ ಡೇಟಾ ಫೈಲ್ ಬಿಟ್ಟುಹೋಗಿದ್ದರೂ ಗೊತ್ತಾಗುವುದಿಲ್ಲ. ಈ ಗೊಂದಲ ಎಷ್ಟು ಸಾಮಾನ್ಯ ಅಂದರೆ, ಮೂಲ ಕೋಡ್ ಇರುವ ಫೋಲ್ಡರ್‌ನಿಂದ ಇಂಪೋರ್ಟ್ ಮಾಡಬೇಡಿ, ಹೊರಗೆ ಬಂದು ಮತ್ತೆ ಶುರು ಮಾಡಿ ಎಂದು ಹೇಳುವ ಎಚ್ಚರಿಕೆಯನ್ನು ನಂಪೈ ತನ್ನೊಳಗೇ ಇಟ್ಟುಕೊಂಡಿದೆ.

ಫೋಲ್ಡರ್ ಬದಲಿಸಿದರೂ ಯಂತ್ರ ಅದೇ ಆಗಿದ್ದರೆ ಇನ್ನೊಂದು ಅಪಾಯ ಉಳಿಯುತ್ತದೆ. ಕಟ್ಟುವ ಯಂತ್ರದಲ್ಲಿ ಫೋರ್ಟ್ರಾನ್ ಲೈಬ್ರರಿ, ಮ್ಯಾಟ್ರಿಕ್ಸ್ ಲೆಕ್ಕಗಳನ್ನು ವೇಗವಾಗಿ ಮಾಡುವ ಓಪನ್‌ಬ್ಲಾಸ್ ಲೈಬ್ರರಿ, ಕಂಪೈಲರ್ ಜೊತೆ ಬಂದ ಹತ್ತಾರು ಸಣ್ಣಪುಟ್ಟ ಫೈಲ್‌ಗಳು ಮೊದಲೇ ಇರುತ್ತವೆ. ವೀಲ್‌ನಲ್ಲಿ ಅವು ಇಲ್ಲದಿದ್ದರೂ ಯಂತ್ರದಲ್ಲಿ ಇರುವುದರಿಂದ ಕೆಲಸ ನಡೆಯುತ್ತದೆ. ಹೋಟೆಲ್ ಅಡುಗೆಮನೆಯಲ್ಲೇ ನಿಂತು ಇಡ್ಲಿ ತಿಂದರೆ ಪಾರ್ಸೆಲ್‌ಗೆ ಚಟ್ನಿ ಹಾಕಿಲ್ಲ ಅನ್ನುವುದು ಗೊತ್ತಾಗುವುದಿಲ್ಲ, ಅಲ್ವಾ? ಹಾಗೇ ಇದು. ಬಳಕೆದಾರರ ಯಂತ್ರದಲ್ಲಿ ಬಿಚ್ಚಿದಾಗ ಮಾತ್ರ "ಲೈಬ್ರರಿ ಸಿಗಲಿಲ್ಲ" ಅನ್ನುವ ದೂರು ಬರುತ್ತದೆ.

ಇದಕ್ಕೆ ಲಿನಕ್ಸ್‌ನಲ್ಲಿ ಆಡಿಟ್‌ವೀಲ್, ಮ್ಯಾಕ್‌ನಲ್ಲಿ ಡಿಲೊಕೇಟ್, ವಿಂಡೋಸ್‌ನಲ್ಲಿ ಡೆಲ್ವ್‌ವೀಲ್ ಅನ್ನುವ ಸಾಧನಗಳಿವೆ. ವೀಲ್ ಒಳಗಿನ ಪ್ರತಿ ಬೈನರಿ ಫೈಲ್ ಹೊರಗಿನ ಯಾವ ಲೈಬ್ರರಿಗಳನ್ನು ಕೇಳುತ್ತಿದೆ ಎಂದು ಇವು ಪತ್ತೆ ಮಾಡುತ್ತವೆ. ಬೇಕಾದವನ್ನು ವೀಲ್ ಒಳಗೇ ನಕಲು ಮಾಡಿ ಸೇರಿಸುತ್ತವೆ. ಆಡಿಟ್‌ವೀಲ್ ಹಾಗೆ ಸೇರಿಸಿದ ಲೈಬ್ರರಿಯ ಹೆಸರಿಗೆ ಒಂದು ಹ್ಯಾಶ್ ಕೂಡ ಅಂಟಿಸುತ್ತದೆ. ನಂಪೈ ತಂದ ಓಪನ್‌ಬ್ಲಾಸ್‌ಗೂ ಸೈಪೈ ತಂದ ಓಪನ್‌ಬ್ಲಾಸ್‌ಗೂ ಹೆಸರಿನ ಜಗಳ ಆಗಬಾರದು ಅಂತ. ನಿಮ್ಮ ಯಂತ್ರದಲ್ಲಿ ಪೈಥಾನ್‌ನ ಸೈಟ್-ಪ್ಯಾಕೇಜಸ್ ಫೋಲ್ಡರ್ ತೆರೆದು ನೋಡಿ. ಲಿನಕ್ಸ್ ಆದರೆ ಅಲ್ಲಿ "ನಂಪೈ ಡಾಟ್ ಲಿಬ್ಸ್" ಅನ್ನುವ ಫೋಲ್ಡರ್ ಇರುತ್ತದೆ. ಅದರೊಳಗೆ ಉದ್ದನೆಯ, ಅರ್ಥವಾಗದ ಅಕ್ಷರಗಳ ಬಾಲ ಅಂಟಿಸಿಕೊಂಡ ಓಪನ್‌ಬ್ಲಾಸ್ ಕೂತಿರುತ್ತದೆ. ನಂಪೈ ವೀಲ್‌ನಲ್ಲಿ ಜಾಸ್ತಿ ಜಾಗ ತಿನ್ನುವುದೂ ಅದೇ.

ಲಿನಕ್ಸ್‌ನಲ್ಲಿ ಇನ್ನೊಂದು ತೊಡಕಿದೆ. ಹೆಚ್ಚಿನ ಲಿನಕ್ಸ್‌ಗಳಲ್ಲಿ ಬಹುತೇಕ ಪ್ರೋಗ್ರಾಮ್‌ಗಳು ಜಿಲಿಬ್‌ಸಿ ಅನ್ನುವ ಬುಡದ ಲೈಬ್ರರಿಯ ಮೇಲೆ ನಿಂತಿವೆ. ಹಳೆಯ ಜಿಲಿಬ್‌ಸಿ ಜೊತೆ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ. ಹೊಸದರ ಜೊತೆ ಕಟ್ಟಿದ್ದು ಹಳೆಯದರಲ್ಲಿ ಓಡುತ್ತದೆ ಅನ್ನುವ ಭರವಸೆ ಇಲ್ಲ. ಉಬುಂಟು 22.04ರಲ್ಲಿ ಇರುವುದು ಜಿಲಿಬ್‌ಸಿ 2.35. ಅಲ್ಲಿ ಕಂಪೈಲ್ ಮಾಡಿದ ಫೈಲ್ ಅನ್ನು ಸೆಂಟ್‌ಒಎಸ್ 7 ಇರುವ ಯಂತ್ರಕ್ಕೆ ಒಯ್ದರೆ, ಅಲ್ಲಿರುವುದು 2.17. "ಈ ಆವೃತ್ತಿಯ ಜಿಲಿಬ್‌ಸಿ ಸಿಗಲಿಲ್ಲ" ಎಂದು ಇಂಪೋರ್ಟ್ ಅಲ್ಲೇ ನಿಲ್ಲಬಹುದು. ವಿಜ್ಞಾನದ ಕೆಲಸಕ್ಕೆ ಇದು ಜಾಸ್ತಿ ನೋವು ಕೊಡುವ ವಿಷಯ. ದೊಡ್ಡ ಲೆಕ್ಕಗಳನ್ನು ಓಡಿಸುವ ಕ್ಲಸ್ಟರ್‌ಗಳ ಆಪರೇಟಿಂಗ್ ಸಿಸ್ಟಮ್ ಅನ್ನು ಯಾರೂ ಸುಮ್ನೆ ವರ್ಷಕ್ಕೊಮ್ಮೆ ಬದಲಿಸುವುದಿಲ್ಲ.

2016ರಲ್ಲಿ ಬಂದ ಮೆನಿಲಿನಕ್ಸ್ ಒಪ್ಪಂದ ಇದಕ್ಕೆ ಒಂದು ದಾರಿ ಮಾಡಿತು. ಬೇಕೆಂದೇ ಹಳೆಯ ಲಿನಕ್ಸ್ ಇರುವ ಡಾಕರ್ ಇಮೇಜ್‌ನಲ್ಲಿ (ಯಂತ್ರದೊಳಗೇ ಬೇರೆಯಾಗಿ ಓಡುವ ಪುಟ್ಟ ಲಿನಕ್ಸ್ ಪರಿಸರದಲ್ಲಿ) ಕಟ್ಟುವುದು, ಆಗ ಅದಕ್ಕಿಂತ ಹೊಸದರಲ್ಲೆಲ್ಲ ಓಡುತ್ತದೆ. ಮೊದಲನೆಯದು ಸೆಂಟ್‌ಒಎಸ್ 5 ಮೇಲೆ, ಜಿಲಿಬ್‌ಸಿ 2.5 ಜೊತೆ ಇತ್ತು. ಆಮೇಲೆ ಸೆಂಟ್‌ಒಎಸ್ 6, ನಂತರ 7. ಈಗ ಹೆಸರಲ್ಲೇ ಜಿಲಿಬ್‌ಸಿ ಆವೃತ್ತಿ ಬರೆಯುವ ಪದ್ಧತಿ ಇದೆ. ಮೆನಿಲಿನಕ್ಸ್ 2-28 ಅಂದರೆ ಕನಿಷ್ಠ 2.28 ಬೇಕು. ಜಿಲಿಬ್‌ಸಿ ಬದಲು ಮಸ್ಲ್ ಬಳಸುವ ಆಲ್ಪೈನ್‌ನಂಥ ಲಿನಕ್ಸ್‌ಗಳಿಗೆ ಬೇರೆಯದೇ ವೀಲ್ ಬೇಕು.

ಆಡಿಟ್‌ವೀಲ್ ಈ ಹೆಸರು ಸರಿಯಾಗಿದೆ ಎಂದು ಒಪ್ಪಿದ ಕೂಡಲೇ ಎಷ್ಟೋ ತಂಡಗಳು ನಿರಾಳವಾಗುತ್ತವೆ. ನನಗೆ ಅದು ಸರಿ ಕಾಣುವುದಿಲ್ಲ. ಆಡಿಟ್‌ವೀಲ್ ನೋಡುವುದು ಲೈಬ್ರರಿಗಳ ಪಟ್ಟಿ ಮತ್ತು ಆವೃತ್ತಿಗಳನ್ನು. ಫೈಲ್ ಲೋಡ್ ಆದೀತು ಅಂತ ಹೇಳಬಲ್ಲದು. ಲೆಕ್ಕ ಸರಿ ಬರುತ್ತದೆ ಅಂತ ಹೇಳಲಾರದು. "ಇಂಪೋರ್ಟ್ ಆಯಿತು, ಟೆಸ್ಟ್ ಮುಗಿಯಿತು" ಅನ್ನುವುದೂ ಅಷ್ಟೇ ಅರೆಬರೆ. ಸೈಪೈ ಅನ್ನು ಬರೀ ಇಂಪೋರ್ಟ್ ಮಾಡಿದರೆ ಅದರ ಲಿನಾಲ್ಗ್, ಆಪ್ಟಿಮೈಜ್‌ನಂಥ ದೊಡ್ಡ ಭಾಗಗಳು ಲೋಡ್ ಆಗುವುದೇ ಇಲ್ಲ. ಅವನ್ನು ಮುಟ್ಟಿದಾಗಲೇ ಅವುಗಳ ಬೈನರಿ ಫೈಲ್ ತೆರೆಯುವುದು.

ವಿಜ್ಞಾನದ ಪ್ಯಾಕೇಜ್‌ಗಳ ಪರೀಕ್ಷೆ ಬೇರೆ ಪ್ಯಾಕೇಜ್‌ಗಳ ಪರೀಕ್ಷೆಗಿಂತ ಕಷ್ಟವಾಗುವುದು ಈ ಹಂತದಲ್ಲಿ. ಒಂದೇ ಲೆಕ್ಕಕ್ಕೆ ಎರಡು ಯಂತ್ರಗಳು ಕೊನೆಯ ಅಂಕಿಗಳಲ್ಲಿ ಬೇರೆ ಬೇರೆ ಉತ್ತರ ಕೊಡಬಹುದು, ಮತ್ತು ಎರಡೂ ಸರಿಯಾಗಿರಬಹುದು. ಕಂಪ್ಯೂಟರ್‌ನ ದಶಮಾಂಶ ಸಂಖ್ಯೆಗಳಿಗೆ ಇರುವುದು ಸುಮಾರು 15-16 ಅಂಕಿಗಳ ನಿಖರತೆ. 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವುದನ್ನು ನೀವೇ ನೋಡಿರಬಹುದು. ಒಂದು ಲಕ್ಷ ಸಂಖ್ಯೆಗಳನ್ನು ಕೂಡುವಾಗ ಯಾವ ಕ್ರಮದಲ್ಲಿ ಕೂಡುತ್ತೀರಿ ಅನ್ನುವುದರ ಮೇಲೆ ಕೊನೆಯ ಅಂಕಿ ಬದಲಾಗುತ್ತದೆ. ಎವಿಎಕ್ಸ್2 ಅನ್ನುವ ಸೌಲಭ್ಯ ಇರುವ ಪ್ರೊಸೆಸರ್ ಒಂದೇ ಸಲಕ್ಕೆ ಇಂಥ 4 ಸಂಖ್ಯೆಗಳನ್ನು ತೆಗೆದುಕೊಳ್ಳುತ್ತದೆ. ಎವಿಎಕ್ಸ್-512 ಇದ್ದರೆ 8. ಗುಣಾಕಾರ ಮತ್ತು ಸಂಕಲನವನ್ನು ಒಂದೇ ಏಟಿಗೆ ಮುಗಿಸುವ ಪ್ರೊಸೆಸರ್ ಎರಡು ಸಲದ ಬದಲು ಒಂದೇ ಸಲ ಅಂಕಿ ಕತ್ತರಿಸುತ್ತದೆ. ಹೀಗಾಗಿ ಪ್ರೊಸೆಸರ್ ಬದಲಾದರೆ ಕೂಡುವ ಕ್ರಮವೂ ಅಂಕಿ ಕತ್ತರಿಸುವ ರೀತಿಯೂ ಬದಲಾಗಬಹುದು.

ಓಪನ್‌ಬ್ಲಾಸ್ ಇದನ್ನು ಇನ್ನೂ ಜಟಿಲ ಮಾಡುತ್ತದೆ. ಅದೊಂದೇ ಫೈಲ್‌ನಲ್ಲಿ ಬೇರೆ ಬೇರೆ ತಲೆಮಾರಿನ ಪ್ರೊಸೆಸರ್‌ಗಳಿಗೆ ಬೇರೆ ಬೇರೆಯಾಗಿ ಬರೆದ ಕೋಡ್ ಇರುತ್ತದೆ. ಓಡುವಾಗ ಪ್ರೊಸೆಸರ್ ಯಾವುದೆಂದು ನೋಡಿ ಅದಕ್ಕೆ ತಕ್ಕದ್ದನ್ನು ಆರಿಸಿಕೊಳ್ಳುತ್ತದೆ. ಅಂದರೆ ಕಟ್ಟಿದವರ ಯಂತ್ರದಲ್ಲಿ ಪರೀಕ್ಷೆಯಾದ ಕೋಡ್ ಒಂದು, ನಿಮ್ಮ ಯಂತ್ರದಲ್ಲಿ ಓಡುವ ಕೋಡ್ ಇನ್ನೊಂದು ಆಗಿರಬಹುದು. ವೀಲ್ ಮಾತ್ರ ಅದೇ. ಇದನ್ನು ಅರಿತವರು "ಓಪನ್‌ಬ್ಲಾಸ್ ಕೋರ್‌ಟೈಪ್" ಅನ್ನುವ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗೆ ಹಾಸ್ವೆಲ್, ಸ್ಕೈಲೇಕ್‌ಎಕ್ಸ್ ಎಂದೆಲ್ಲ ಬೇರೆ ಬೇರೆ ತಲೆಮಾರಿನ ಪ್ರೊಸೆಸರ್ ಹೆಸರು ಕೊಟ್ಟು ಒಂದೇ ಟೆಸ್ಟ್ ಅನ್ನು ಹಲವು ಸಲ ಓಡಿಸುತ್ತಾರೆ. ನಂಪೈನ ಸ್ವಂತ ಕೋಡ್‌ನಲ್ಲೂ ಇಂಥ ಆಯ್ಕೆ ನಡೆಯುತ್ತದೆ. ಅಲ್ಲೂ ಪ್ರೊಸೆಸರ್‌ನ ಒಂದೊಂದು ಸೌಲಭ್ಯವನ್ನು ಆಫ್ ಮಾಡಿ ನೋಡಲು ದಾರಿಯಿದೆ. ಆದರೆ ಹೊಸ ಪ್ರೊಸೆಸರ್ ಹಳೆಯದರ ಹಾಗೆ ನಡೆದುಕೊಳ್ಳಬಹುದು, ಹಳೆಯದು ಹೊಸದಾಗಲಾರದು. ಕೈಯಲ್ಲಿ ಎವಿಎಕ್ಸ್-512 ಯಂತ್ರ ಇಲ್ಲದಿದ್ದಾಗ ನಂಪೈ ತಂಡ ಹೊಸ ಪ್ರೊಸೆಸರ್‌ನ ಹಾಗೆ ನಟಿಸುವ ಇಂಟೆಲ್‌ನ ಎಮ್ಯುಲೇಟರ್ ಒಳಗೆ ಟೆಸ್ಟ್ ಓಡಿಸುತ್ತದೆ. ನಿಧಾನ, ಆದರೂ ಬೇಕೇ ಬೇಕು.

ಹಾಗಾದರೆ ಉತ್ತರ ಸರಿ ಅಂತ ಹೇಳುವುದು ಹೇಗೆ? ಪೂರ್ತಿ ಒಂದೇ ಇರಬೇಕು ಅಂದರೆ ಏನೂ ತಪ್ಪಿಲ್ಲದೆ ಟೆಸ್ಟ್ ಫೇಲ್ ಆಗುತ್ತವೆ. ದಿನಾ ಸುಳ್ಳು ಎಚ್ಚರಿಕೆ ಬಂದರೆ ಜನ ನಿಜವಾದ ಎಚ್ಚರಿಕೆಯನ್ನೂ ನೋಡುವುದು ಬಿಡುತ್ತಾರೆ. ತುಂಬಾ ಸಡಿಲ ಬಿಟ್ಟರೆ ನಿಜವಾದ ಬಗ್ ನುಸುಳುತ್ತದೆ. ನಂಪೈನ "ಅಸರ್ಟ್ ಆಲ್‌ಕ್ಲೋಸ್" ಅನ್ನುವ ಹೋಲಿಕೆ ಸುಮ್ನೆ ಬಿಟ್ಟರೆ ಕೋಟಿಗೆ ಒಂದು ಪಾಲಿನಷ್ಟು ವ್ಯತ್ಯಾಸವನ್ನು ಒಪ್ಪುತ್ತದೆ. ಕೆಲವು ಲೆಕ್ಕಕ್ಕೆ ಅದು ಸರಿ, ಕೆಲವಕ್ಕೆ ಅಲ್ಲ. ಲೆಕ್ಕದ ಗಣಿತ ಗೊತ್ತಿದ್ದವರೇ ಕೂತು ಒಂದೊಂದಕ್ಕೂ ಎಷ್ಟು ಸಡಿಲ ಎಂದು ತೀರ್ಮಾನಿಸಬೇಕು.

ಅದಕ್ಕಿಂತ ಒಳ್ಳೆಯ ದಾರಿ ಒಂದಿದೆ. ಉತ್ತರವನ್ನು ಬಾಯಿಪಾಠದ ಉತ್ತರದ ಜೊತೆ ಹೋಲಿಸುವ ಬದಲು, ಅದಕ್ಕೆ ಇರಲೇಬೇಕಾದ ಗುಣ ಇದೆಯಾ ಎಂದು ನೋಡುವುದು. ಐಗನ್‌ವೆಕ್ಟರ್ ಉದಾಹರಣೆ ತೆಗೆದುಕೊಳ್ಳಿ. ಮ್ಯಾಟ್ರಿಕ್ಸ್‌ನಿಂದ ಗುಣಿಸಿದಾಗ ಐಗನ್‌ವ್ಯಾಲ್ಯೂ ಅನ್ನುವ ಒಂದು ಸಂಖ್ಯೆಯಷ್ಟು ಪಟ್ಟು ಮಾತ್ರ ಆಗುವ ವೆಕ್ಟರ್ ಅದು. ಒಂದು ವೆಕ್ಟರ್ ಸರಿಯಾದ ಉತ್ತರವಾದರೆ, ಅದರ ಎಲ್ಲ ಅಂಕಿಗಳ ಚಿಹ್ನೆ ತಿರುಗಿಸಿದ ವೆಕ್ಟರ್ ಕೂಡ ಅಷ್ಟೇ ಸರಿ. ಓಪನ್‌ಬ್ಲಾಸ್ ಒಂದನ್ನು ಕೊಟ್ಟರೆ ಆ್ಯಪಲ್‌ನ ಆಕ್ಸೆಲರೇಟ್ ಲೈಬ್ರರಿ ಇನ್ನೊಂದನ್ನು ಕೊಡಬಹುದು. ಹಳೆಯ ಉತ್ತರದ ಜೊತೆ ಹೋಲಿಸುವ ಟೆಸ್ಟ್ ಇಲ್ಲಿ ಸುಮ್ಮಸುಮ್ಮನೆ ಕೂಗಾಡುತ್ತದೆ. ಬದಲಿಗೆ ಮ್ಯಾಟ್ರಿಕ್ಸ್‌ನಿಂದ ವೆಕ್ಟರ್ ಅನ್ನು ಗುಣಿಸಿ, ಬಂದದ್ದು ಐಗನ್‌ವ್ಯಾಲ್ಯೂ ಗುಣಿಸು ಅದೇ ವೆಕ್ಟರ್ ಆಗಿದೆಯಾ ಅಂತ ನೋಡಿ. ಚಿಹ್ನೆ ಹೇಗೇ ಇರಲಿ, ಉತ್ತರ ಸರಿಯಿದ್ದರೆ ಪಾಸ್ ಆಗುತ್ತದೆ, ತಪ್ಪಿದ್ದರೆ ಸಿಕ್ಕಿಬೀಳುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ವೀಲ್ ಕೈಕೊಡಬಹುದು. 2020ರಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ವಿಷಯದ ಎಲ್ಲ ಎಳೆಗಳೂ ಅದರಲ್ಲಿ ಸಿಕ್ಕುತ್ತವೆ.

ಆ ವರ್ಷ ಮೇ ತಿಂಗಳಲ್ಲಿ ವಿಂಡೋಸ್ 10ರ 2004 ಆವೃತ್ತಿ ಬಂತು. ಕೆಲವರ ನಂಪೈ ಲೆಕ್ಕಗಳು ಅಲ್ಲಿಂದ ಕೆಡತೊಡಗಿದವು. ಅವರು ನಂಪೈ ಬದಲಿಸಿರಲಿಲ್ಲ. ಹಿಂದೆ ಚೆನ್ನಾಗಿ ಓಡುತ್ತಿದ್ದ ಅದೇ ವೀಲ್, ಅದೇ ಕೋಡ್. ಕೆಲಸದ ನಡುವೆ ಐಗನ್‌ವ್ಯಾಲ್ಯೂನಂಥ ಮ್ಯಾಟ್ರಿಕ್ಸ್ ಲೆಕ್ಕಗಳು ಕೈಕೊಡುತ್ತಿದ್ದವು. ಸಮಸ್ಯೆಯನ್ನು ಅರೆದು ಅರೆದು ಕೊನೆಗೆ ನಾಲ್ಕೈದು ಸಾಲಿಗೆ ಇಳಿಸಿದರು. 0ಯಿಂದ 168ರವರೆಗಿನ ಸಂಖ್ಯೆಗಳನ್ನು 13×13ರ ಮ್ಯಾಟ್ರಿಕ್ಸ್ ಮಾಡಿ. ಪ್ರತಿಯೊಂದನ್ನೂ 17ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಆಮೇಲೆ ಐಗನ್‌ವ್ಯಾಲ್ಯೂ ಕೇಳಿ. ಹೊಸ ವಿಂಡೋಸ್‌ನಲ್ಲಿ ಅಲ್ಲೇ ಕೆಡುತ್ತಿತ್ತು.

ತಪ್ಪು ಇದ್ದದ್ದು ಎರಡನೆಯ ಹೆಜ್ಜೆಯಲ್ಲಿ. ಶೇಷ ತೆಗೆಯಲು ನಂಪೈ ವಿಂಡೋಸ್‌ನ ಸಿ ಲೈಬ್ರರಿಯಲ್ಲಿರುವ ಎಫ್‌ಮಾಡ್ ಅನ್ನುವ ಫಂಕ್ಷನ್ ಕರೆಯುತ್ತಿತ್ತು. ಎಫ್‌ಮಾಡ್ ಕೊಡುತ್ತಿದ್ದ ಶೇಷ ಸರಿಯಾಗಿಯೇ ಇತ್ತು. ಆದರೆ ಕೆಲಸ ಮುಗಿಸಿ ಹೋಗುವಾಗ ಪ್ರೊಸೆಸರ್‌ನ ಹಳೆಯ ಎಕ್ಸ್87 ಲೆಕ್ಕದ ಭಾಗವನ್ನು ಇದ್ದ ಹಾಗೆ ಬಿಟ್ಟು ಹೋಗುತ್ತಿರಲಿಲ್ಲ, ಕೆಡಿಸಿಟ್ಟು ಹೋಗುತ್ತಿತ್ತು. ಮುಂದೆ ಓಪನ್‌ಬ್ಲಾಸ್ ತನ್ನ ಕೆಲವು ಲೆಕ್ಕಕ್ಕೆ ಅದೇ ಭಾಗವನ್ನು ಬಳಸಲು ಬಂದಾಗ ಸಂಖ್ಯೆಯೇ ಅಲ್ಲದ ಉತ್ತರ, ಅಂದರೆ ನ್ಯಾನ್, ಕೈಗೆ ಬರುತ್ತಿತ್ತು. ಎಫ್‌ಮಾಡ್ ಅನ್ನು ಒಂಟಿಯಾಗಿ ಪರೀಕ್ಷಿಸಿದರೆ ಪಾಸ್. ಐಗನ್‌ವ್ಯಾಲ್ಯೂವನ್ನು ಒಂಟಿಯಾಗಿ ಪರೀಕ್ಷಿಸಿದರೂ ಪಾಸ್. ಒಂದಾದ ಮೇಲೆ ಇನ್ನೊಂದು ಓಡಿದಾಗ ಮಾತ್ರ ಕೇಡು. ಒಂದೊಂದು ಫಂಕ್ಷನ್‌ಗೂ ಬೇರೆ ಬೇರೆ ಪುಟ್ಟ ಟೆಸ್ಟ್ ಬರೆದು ತೃಪ್ತರಾಗುವವರು ಈ ಘಟನೆಯನ್ನು ಒಮ್ಮೆ ನೆನೆಯಬೇಕು.

ನಂಪೈ ತಂಡ ಅಕ್ಟೋಬರ್ ಕೊನೆಯಲ್ಲಿ 1.19.3 ಬಿಡುಗಡೆ ಮಾಡಿತು. ಈ ತೊಂದರೆಯನ್ನು ತಪ್ಪಿಸಿಕೊಂಡು ಹೋಗುವ ಓಪನ್‌ಬ್ಲಾಸ್ 0.3.12 ಅದರಲ್ಲಿತ್ತು. ವಿಂಡೋಸ್‌ಗೆ ಮದ್ದು ಸಿಕ್ಕಿತು ಅನ್ನುವಷ್ಟರಲ್ಲಿ ಕೆಲವು ಡಾಕರ್ ಕಂಟೇನರ್‌ಗಳಲ್ಲಿ ಅದೇ ಲೈಬ್ರರಿ ತೊಂದರೆ ಕೊಡತೊಡಗಿತು. ನವೆಂಬರ್ ಮೊದಲ ವಾರದಲ್ಲೇ 1.19.4 ಬಿಡಬೇಕಾಯಿತು. ಅದರಲ್ಲಿ ಹಳೆಯ ಓಪನ್‌ಬ್ಲಾಸ್‌ಗೆ ವಾಪಸ್ ಹೋದರು, ಜೊತೆಗೆ ಒಂದು ಹೊಸ ಕೆಲಸ ಮಾಡಿದರು. ಆ 13×13ರ ಲೆಕ್ಕವನ್ನು ನಂಪೈ ಒಳಗೇ ಇಟ್ಟರು. ವಿಂಡೋಸ್‌ನಲ್ಲಿ ಯಾರಾದರೂ ನಂಪೈ ಇಂಪೋರ್ಟ್ ಮಾಡಿದ ತಕ್ಷಣ ಆ ಲೆಕ್ಕ ಓಡುತ್ತಿತ್ತು. ತಪ್ಪಿದರೆ ನಂಪೈ ಮುಂದೆ ಹೋಗದೆ, ವಿಂಡೋಸ್ ರನ್‌ಟೈಮ್‌ನ ಬಗ್‌ನಿಂದ ಪರೀಕ್ಷೆ ಪಾಸ್ ಆಗುತ್ತಿಲ್ಲ ಎಂದು ಹೇಳಿ ನಿಂತುಬಿಡುತ್ತಿತ್ತು. 2021ರ ಜನವರಿಯಲ್ಲಿ 1.19.5 ಬಂತು. ಅದರಲ್ಲಿದ್ದ ಓಪನ್‌ಬ್ಲಾಸ್ 0.3.13 ಎರಡೂ ಕಡೆ ಸರಿಯಾಗಿ ನಡೆಯಿತು. ಮೈಕ್ರೋಸಾಫ್ಟ್ ಕೂಡ ಆ ವರ್ಷದ ಆರಂಭದಲ್ಲಿ ಎಫ್‌ಮಾಡ್ ಸರಿಪಡಿಸಿತು.

1.19.4 ಬಂದಾಗ ಎಷ್ಟೋ ಜನಕ್ಕೆ ಸಿಟ್ಟು ಬಂದದ್ದು ಸಹಜ. ನಿನ್ನೆ ಇಂಪೋರ್ಟ್ ಆಗುತ್ತಿದ್ದದ್ದು ಇವತ್ತು ಆಗುತ್ತಿಲ್ಲ. ನನ್ನ ಮಟ್ಟಿಗೆ ಆ ತೀರ್ಮಾನ ಪೂರ್ತಿ ಸರಿ. ಪ್ರೋಗ್ರಾಮ್ ನಿಂತುಹೋದರೆ ಯಾರಿಗಾದರೂ ಗೊತ್ತಾಗುತ್ತದೆ, ಯಾರಾದರೂ ಸರಿಪಡಿಸುತ್ತಾರೆ. ತಪ್ಪು ಅಂಕಿ ಸದ್ದಿಲ್ಲದೆ ಹೊರಬಂದರೆ ಅದು ಗ್ರಾಫ್ ಆಗುತ್ತದೆ, ಪ್ರಬಂಧ ಆಗುತ್ತದೆ, ಅದರ ಮೇಲೆ ಇನ್ನೊಬ್ಬರು ಲೆಕ್ಕ ಕಟ್ಟುತ್ತಾರೆ. ನಂಪೈ ಇಂದಿಗೂ ಇಂಪೋರ್ಟ್ ಆಗುವಾಗ ಇಂಥ ಒಂದು ಪುಟ್ಟ ಪರೀಕ್ಷೆ ಮಾಡುತ್ತದೆ. ಎರಡು ಒಂದುಗಳಿರುವ ವೆಕ್ಟರ್ ತೆಗೆದುಕೊಂಡು, ಅದನ್ನು ಅದರಿಂದಲೇ ಡಾಟ್ ಗುಣಾಕಾರ ಮಾಡಿ, ಉತ್ತರ 2 ಬಂತಾ ಎಂದು ನೋಡುತ್ತದೆ. ನೋಡಲು ತೀರಾ ಸಣ್ಣದು. ಆದರೆ ವೀಲ್ ಒಳಗಿನ ಬ್ಲಾಸ್ ಲೈಬ್ರರಿ ತಪ್ಪಾಗಿ ಜೋಡಣೆಯಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇದುವರೆಗೆ ಒಂದು ವೀಲ್‌ನ ಮಾತಾಯಿತು. ನಿಜದಲ್ಲಿ ವೀಲ್‌ಗಳು ಒಂಟಿಯಾಗಿ ಬದುಕುವುದಿಲ್ಲ. ಪಾಂಡಾಸ್ ಕಂಪೈಲ್ ಆಗುವಾಗ ನಂಪೈನ ಹೆಡರ್ ಫೈಲ್ ಓದಿ, ನಂಪೈ ತನ್ನ ಡೇಟಾವನ್ನು ಮೆಮೊರಿಯಲ್ಲಿ ಹೇಗೆ ಜೋಡಿಸುತ್ತದೆ ಎಂದು ತಿಳಿದುಕೊಂಡಿರುತ್ತದೆ. ಆಮೇಲೆ ನಂಪೈ ಆ ಜೋಡಣೆ ಬದಲಿಸಿದರೆ ಪಾಂಡಾಸ್‌ಗೆ ಅದು ಗೊತ್ತಾಗುವುದಿಲ್ಲ. 2024ರ ಜೂನ್ 16ರಂದು ನಂಪೈ 2.0 ಬಂದಾಗ ಇದೇ ಆಯಿತು. 2006ರ 1.0 ಆದಮೇಲೆ ಮೊದಲ ದೊಡ್ಡ ಆವೃತ್ತಿ ಅದು, ಬೈನರಿ ಒಪ್ಪಂದವನ್ನು ಬೇಕೆಂದೇ ಮುರಿಯಿತು. ಹಳೆಯ ವೀಲ್‌ಗಳ ಜೊತೆ ಸೇರಿದಾಗ ಕಂಡ ಒಂದು ದೂರು ಎಲ್ಲರಿಗೂ ನೆನಪಿರುತ್ತದೆ. ಡಿಟೈಪ್‌ನ (ಡೇಟಾ ಯಾವ ಬಗೆಯದು ಎಂದು ನಂಪೈ ಬರೆದಿಟ್ಟುಕೊಳ್ಳುವ ವಸ್ತುವಿನ) ಗಾತ್ರ ಬದಲಾಗಿದೆ, ಸಿ ಹೆಡರ್ ಪ್ರಕಾರ 96 ಇರಬೇಕಿತ್ತು, ಸಿಕ್ಕಿದ್ದು 88. ಇದರ ಅರ್ಥ ಇಷ್ಟೇ. ಕಟ್ಟುವ ದಿನ ನೋಡಿದ ನಂಪೈನಲ್ಲಿ ಆ ವಸ್ತು 96 ಬೈಟ್ ಇತ್ತು. ಓಡುವ ದಿನ ಸಿಕ್ಕ ನಂಪೈನಲ್ಲಿ 88 ಬೈಟ್ ಇದೆ. ಆ 8 ಬೈಟ್ ವ್ಯತ್ಯಾಸವನ್ನು ಲೆಕ್ಕಿಸದೆ ಮುಂದೆ ಹೋದರೆ ಪ್ರೋಗ್ರಾಮ್ ಬೇರೆ ಯಾವುದೋ ಮೆಮೊರಿಯನ್ನು ಓದಬಹುದು, ಬರೆಯಬಹುದು.

ಪರೀಕ್ಷೆಯ ಪಾಠ ಇಲ್ಲಿ ಸ್ವಲ್ಪ ತಿರುವು ಪಡೆಯುತ್ತದೆ. ನಂಪೈ 2.0 ಜೊತೆ ಕಟ್ಟಿದ ವೀಲ್ 1.x ಸರಣಿಯ ನಂಪೈನಲ್ಲೂ ಓಡುವ ಹಾಗೆ ತಂಡ ಏರ್ಪಾಡು ಮಾಡಿತ್ತು. ಹಾಗಾಗಿ ನಿಮ್ಮ ಪ್ಯಾಕೇಜ್ ಅನ್ನು ಹೊಸ ನಂಪೈ ಜೊತೆ ಕಟ್ಟಿ, ನೀವು ಬೆಂಬಲಿಸುವ ಅತಿ ಹಳೆಯ ನಂಪೈ ಜೊತೆಗೂ ಅತಿ ಹೊಸದರ ಜೊತೆಗೂ ಓಡಿಸಿ ನೋಡಬೇಕು. ಕಟ್ಟಿದ ಆವೃತ್ತಿಯೊಂದರಲ್ಲೇ ಓಡಿಸಿದರೆ ಏನೂ ತಿಳಿಯುವುದಿಲ್ಲ.

ಪ್ಲಾಟ್‌ಫಾರ್ಮ್‌ಗಳ ನಡುವಿನ ಬೇರೆ ವ್ಯತ್ಯಾಸಗಳೂ ಇವೆ. ನಂಪೈ 2.0ಕ್ಕೆ ಮುಂಚೆ ವಿಂಡೋಸ್‌ನಲ್ಲಿ ಪೂರ್ಣಾಂಕಗಳು ಸುಮ್ನೆ ಬಿಟ್ಟರೆ 32 ಬಿಟ್ ಆಗಿರುತ್ತಿದ್ದವು, 64 ಬಿಟ್ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ 64. ಅರೇ ಒಂದರಲ್ಲಿ 46341 ಇಟ್ಟು ವರ್ಗ ಮಾಡಿದರೆ ಲಿನಕ್ಸ್‌ನಲ್ಲಿ 2147488281 ಬರುತ್ತಿತ್ತು. ಅದೇ ಲೆಕ್ಕಕ್ಕೆ ವಿಂಡೋಸ್‌ನಲ್ಲಿ ಋಣ ಸಂಖ್ಯೆ. ಮ್ಯಾಕ್‌ನಲ್ಲಿ ಇನ್ನೊಂದು ಕತೆ. 2020ರ ಕೊನೆಗೆ ಎಂ1 ಚಿಪ್ ಬಂದಾಗ ಅದಕ್ಕೆ ವೀಲ್ ಕಟ್ಟುವುದು ಇಂಟೆಲ್ ಮ್ಯಾಕ್‌ನಿಂದಲೇ ಸಾಧ್ಯವಿತ್ತು, ಆದರೆ ಕಟ್ಟಿದ್ದನ್ನು ಅಲ್ಲಿ ಓಡಿಸಿ ನೋಡಲು ಆಗುತ್ತಿರಲಿಲ್ಲ. ಮುಕ್ತ ತಂತ್ರಾಂಶದ ಯೋಜನೆಗಳಿಗೆ ಗಿಟ್‌ಹಬ್ ತನ್ನ ಎಂ1 ಯಂತ್ರಗಳನ್ನು ಉಚಿತವಾಗಿ ಕೊಟ್ಟಿದ್ದು 2024ರ ಆರಂಭದಲ್ಲಿ.

ಇಷ್ಟೊಂದು ಸಂಯೋಜನೆಗಳನ್ನು ಕೈಯಲ್ಲಿ ಮಾಡಲು ಆಗುವುದಿಲ್ಲ. ಸಿಐಬಿಲ್ಡ್‌ವೀಲ್ ಅನ್ನುವ ಸಾಧನ ಈಗ ಬಹುತೇಕ ಯೋಜನೆಗಳ ಕೆಲಸ ಹಗುರ ಮಾಡಿದೆ. ಪ್ರತಿ ಪೈಥಾನ್, ಪ್ರತಿ ಪ್ಲಾಟ್‌ಫಾರ್ಮ್‌ಗೆ ಅದು ವೀಲ್ ಕಟ್ಟುತ್ತದೆ. ಆಡಿಟ್‌ವೀಲ್‌ನಂಥ ರಿಪೇರಿ ಮಾಡುತ್ತದೆ. ನಂತರ ಹೊಸದಾಗಿ ಖಾಲಿ ಪೈಥಾನ್ ಪರಿಸರ ಮಾಡಿ, ರಿಪೇರಿಯಾದ ವೀಲ್ ಅನ್ನು ಅದರಲ್ಲಿ ಇನ್‌ಸ್ಟಾಲ್ ಮಾಡಿ, ಮೂಲ ಕೋಡ್‌ನಿಂದ ದೂರದ ಫೋಲ್ಡರ್‌ನಲ್ಲಿ ನೀವು ಹೇಳಿದ ಟೆಸ್ಟ್ ಓಡಿಸುತ್ತದೆ. ಈ ಕ್ರಮ ಬಹಳ ಮುಖ್ಯ. ರಿಪೇರಿ ಮುಂಚೆ ಟೆಸ್ಟ್ ಮಾಡಿದರೆ ಬಳಕೆದಾರರ ಕೈಗೆ ಹೋಗುವ ಫೈಲ್ ಪರೀಕ್ಷೆಯೇ ಆಗಿರುವುದಿಲ್ಲ. ಇದರ ಜೊತೆಗೆ ನಂಪೈ, ಸೈಪೈನಂಥ ಯೋಜನೆಗಳು ಇನ್ನೂ ಬಿಡುಗಡೆಯಾಗದ ಕೋಡ್‌ನಿಂದ ಆಗಾಗ ವೀಲ್ ಕಟ್ಟಿ ಒಂದು ಸಾಮಾನ್ಯ ಜಾಗಕ್ಕೆ ಏರಿಸುತ್ತವೆ. ಅವುಗಳನ್ನು ನೆಚ್ಚಿರುವ ಪ್ಯಾಕೇಜ್‌ಗಳು ಅಲ್ಲಿಂದ ತಂದು ತಮ್ಮ ಟೆಸ್ಟ್ ಓಡಿಸಿ, ಬಿಡುಗಡೆಗೆ ತಿಂಗಳುಗಳ ಮುಂಚೆಯೇ ಬಿರುಕು ಕಂಡುಕೊಳ್ಳುತ್ತವೆ.

ಆದರೂ ಯಂತ್ರಗಳು ಮಾಡುವ ಪರೀಕ್ಷೆಗೆ ಮಿತಿಯಿದೆ. ಅವು ಓಡುವುದು ಕ್ಲೌಡ್‌ನ ಹೊಸ, ಶುಚಿಯಾದ, ಒಂದೇ ಥರದ ಕಂಪ್ಯೂಟರ್‌ಗಳಲ್ಲಿ. ನಿಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಹತ್ತು ವರ್ಷ ಹಳೆಯ ಪ್ರೊಸೆಸರ್ ಇರಬಹುದು. ವಿಂಡೋಸ್‌ನಲ್ಲಿ ಬಳಕೆದಾರರ ಹೆಸರನ್ನು ಕನ್ನಡದಲ್ಲಿ ಕೊಟ್ಟಿದ್ದರೆ ಫೋಲ್ಡರ್ ದಾರಿಯಲ್ಲೂ ಕನ್ನಡ ಅಕ್ಷರ ಬಂದಿರುತ್ತದೆ. ಇಂಗ್ಲಿಷ್ ಅಕ್ಷರವಷ್ಟೇ ಇರುತ್ತದೆ ಎಂದುಕೊಂಡು ಬರೆದ ಕೋಡ್ ಅಂಥ ದಾರಿಯಲ್ಲಿ ಫೈಲ್ ಹುಡುಕಲಾರದೆ ಮುಗ್ಗರಿಸುತ್ತದೆ. ಇವೆಲ್ಲ ನಮ್ಮ ಕಡೆ ನಿಜವಾಗಿ ಇರುವ ಯಂತ್ರಗಳು. ಇವುಗಳಲ್ಲಿ ಓಡಿಸಿ ನೋಡುವವರು ನಾವೇ ಆಗಬೇಕು.

ಕೆಲಸ ಕಷ್ಟದ್ದೇನಲ್ಲ. ಮೊದಲು ಒಂದು ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ (ಬೇರೆಯಾದ ಖಾಲಿ ಪೈಥಾನ್ ಪರಿಸರ) ಮಾಡಿ, ನಿಮ್ಮ ದಿನದ ಕೆಲಸದ್ದನ್ನು ಮುಟ್ಟಬೇಡಿ. ಪಿಪ್‌ಗೆ "ಪ್ರಿ" ಆಯ್ಕೆ ಕೊಟ್ಟರೆ ಬಿಡುಗಡೆಗೆ ಮುಂಚಿನ ಆವೃತ್ತಿ ಸಿಗುತ್ತದೆ. "ಓನ್ಲಿ-ಬೈನರಿ" ಆಯ್ಕೆಯನ್ನೂ ಸೇರಿಸಿ. ಇಲ್ಲದಿದ್ದರೆ ಹೊಂದುವ ವೀಲ್ ಸಿಗದಾಗ ಪಿಪ್ ಮೂಲ ಕೋಡ್ ತಂದು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಬಹುದು, ಆಗ ನೀವು ಪರೀಕ್ಷಿಸುತ್ತಿರುವುದು ವೀಲ್ ಅಲ್ಲ. ಟೆಸ್ಟ್ ಓಡಿಸಲು ಬೇಕಾದ ಪೈಟೆಸ್ಟ್ ಮತ್ತು ಹೈಪಾಥಿಸಿಸ್ ಕೂಡ ಹಾಕಿಕೊಳ್ಳಿ. ಆಮೇಲೆ ಪೈಥಾನ್ ತೆರೆದು ನಂಪೈ ಇಂಪೋರ್ಟ್ ಮಾಡಿ, ಅದರ "ಟೆಸ್ಟ್" ಫಂಕ್ಷನ್ ಕರೆಯಿರಿ. ಸಾವಿರಾರು ಟೆಸ್ಟ್‌ಗಳು ಓಡುತ್ತವೆ. ಕೊನೆಗೆ ನಿಮ್ಮ ಸ್ವಂತ ಕೆಲಸದ ಲೆಕ್ಕವನ್ನೂ ಹಳೆಯ ಮತ್ತು ಹೊಸ ಆವೃತ್ತಿ ಎರಡರಲ್ಲೂ ಓಡಿಸಿ. ಪ್ಯಾಕೇಜ್ ತಂಡದ ಟೆಸ್ಟ್‌ಗಳಿಗೆ ಹೊಳೆಯದ ಜೋಡಣೆ ನಿಮ್ಮ ಕೋಡ್‌ನಲ್ಲಿ ಇರುತ್ತದೆ. ಎಫ್‌ಮಾಡ್ ಬಗ್ ಸಿಕ್ಕಿದ್ದೂ ಬಳಕೆದಾರರ ದೂರಿನಿಂದಲೇ.

ಏನಾದರೂ ಕೆಟ್ಟರೆ "ನನ್ನ ಯಂತ್ರದಲ್ಲಿ ಓಡುತ್ತಿಲ್ಲ" ಅಂತಷ್ಟೇ ಬರೆದರೆ ತಂಡಕ್ಕೆ ಹಿಡಿಯಲು ಎಳೆಯೇ ಸಿಗುವುದಿಲ್ಲ. ಪಿಪ್ ಇಳಿಸಿಕೊಂಡ ವೀಲ್‌ನ ಪೂರ್ತಿ ಹೆಸರು, ಆಪರೇಟಿಂಗ್ ಸಿಸ್ಟಮ್‌ನ ಆವೃತ್ತಿ, ನಂಪೈನ "ಶೋ ರನ್‌ಟೈಮ್" ಫಂಕ್ಷನ್ ತೋರಿಸುವ ಮಾಹಿತಿ ಕೊಡಿ. ಪ್ರೊಸೆಸರ್‌ನ ಯಾವ ಸೌಲಭ್ಯಗಳು ಸಿಕ್ಕಿವೆ ಎಂದು ಆ ಕೊನೆಯದು ಹೇಳುತ್ತದೆ. ಥ್ರೆಡ್‌ಪೂಲ್‌ಸಿಟಿಎಲ್ ಕೂಡ ಹಾಕಿಕೊಂಡಿದ್ದರೆ ಓಪನ್‌ಬ್ಲಾಸ್‌ನ ಯಾವ ಕೋಡ್ ಓಡುತ್ತಿದೆ ಅನ್ನುವುದನ್ನೂ ಹೇಳುತ್ತದೆ. ಸಾಧ್ಯವಾದರೆ ತೊಂದರೆಯನ್ನು ನಾಲ್ಕೈದು ಸಾಲಿನ ಕೋಡ್‌ಗೆ ಇಳಿಸಿ. ಆ 13×13ರ ಮ್ಯಾಟ್ರಿಕ್ಸ್ ಇಲ್ಲದಿದ್ದರೆ ತಪ್ಪು ವಿಂಡೋಸ್‌ನಲ್ಲಿದೆ ಎಂದು ತೋರಿಸುವುದು ಎಷ್ಟು ಕಷ್ಟವಾಗುತ್ತಿತ್ತು ಯೋಚಿಸಿ.

ಇದಕ್ಕೆಲ್ಲ ಸಮಯ ಸಿಗುವುದು ಬಿಡುಗಡೆಗೆ ಮುಂಚಿನ ಕೆಲವು ವಾರಗಳಲ್ಲಿ ಮಾತ್ರ. ನಂಪೈ 2.0ರ ಮೊದಲ ಬೀಟಾ 2024ರ ಮಾರ್ಚ್‌ನಲ್ಲೇ ಬಂದಿತ್ತು, ಬದಲಾವಣೆ ದೊಡ್ಡದಾದ್ದರಿಂದ ಅಷ್ಟು ಮುಂಚೆ. ಅಂತಿಮ ಆವೃತ್ತಿ ಒಮ್ಮೆ ಪೈಪಿಐಗೆ, ಅಂದರೆ ಪಿಪ್ ವೀಲ್‌ಗಳನ್ನು ತರುವ ತಾಣಕ್ಕೆ, ಏರಿದರೆ ಅದೇ ಹೆಸರಿನ ಫೈಲ್ ಅನ್ನು ಬದಲಿಸಲು ಆಗುವುದಿಲ್ಲ. ಅಳಿಸಿ ಮತ್ತೆ ಏರಿಸಲೂ ಬಿಡುವುದಿಲ್ಲ. ಕೆಟ್ಟ ಬಿಡುಗಡೆಯನ್ನು ಹಿಂತೆಗೆದದ್ದು ಎಂದು ಗುರುತು ಹಾಕಬಹುದು, ಪಿಪ್ ಅದನ್ನು ತಾನಾಗಿ ಆರಿಸುವುದಿಲ್ಲ. ಆದರೆ ಯಾರಾದರೂ ತಮ್ಮ ಯೋಜನೆಯಲ್ಲಿ ಅದೇ ಆವೃತ್ತಿ ಬೇಕೆಂದು ಬರೆದಿಟ್ಟಿದ್ದರೆ ಅವರಿಗೆ ಆಮೇಲೂ ಅದೇ ವೀಲ್ ಹೋಗುತ್ತಿರುತ್ತದೆ.